ಒಂದೇ ಬರಹ, ಹತ್ತು ಕೈ: ಸಂಘದ ಸಂಚಿಕೆಗೆ ಯಾವ ದಾರಿ ಒಳ್ಳೆಯದು?

ಸಂಪಾದಕರ ಮನೆ ಡೊಂಬಿವಲಿಯಲ್ಲಿ. ಕರಡು ತಿದ್ದುವ ಮೇಷ್ಟ್ರು ಮಾಟುಂಗದಲ್ಲಿ. ಜಾಹೀರಾತು ತರುವ ಹೋಟೆಲಿನವರು ಮೀರಾ ರೋಡಿನಲ್ಲಿ. ಪುಟ ಕಟ್ಟುವ ಡಿಟಿಪಿಯವರು ಇನ್ನೆಲ್ಲೋ. ಮುಂಬೈಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ ಹುಟ್ಟುವುದೇ ಹೀಗೆ. ಎಲ್ಲರೂ ಒಂದೆಡೆ ಕೂರಲು ಭಾನುವಾರ ಸಂಜೆ ಎರಡು ಗಂಟೆ ಸಿಕ್ಕರೆ ಅದೇ ದೊಡ್ಡದು. ಉಳಿದ ಕೆಲಸವೆಲ್ಲ ಲೋಕಲ್ ರೈಲಿನಲ್ಲಿ, ಊಟದ ಬಿಡುವಿನಲ್ಲಿ, ರಾತ್ರಿ ಮಕ್ಕಳು ಮಲಗಿದ ಮೇಲೆ.

ಹೀಗಿರುವಾಗ ಬರಹಗಳನ್ನು ಎಲ್ಲಿ ಇಡಬೇಕು? ಯಾರು ತಿದ್ದಬೇಕು? ತಿದ್ದಿದ್ದು ಉಳಿದವರಿಗೆ ಹೇಗೆ ಗೊತ್ತಾಗಬೇಕು? ವಾಟ್ಸಾಪ್, ಗೂಗಲ್ ಡಾಕ್ಸ್, ಮೈಕ್ರೋಸಾಫ್ಟ್ ವರ್ಡ್, ಈಥರ್‌ಪ್ಯಾಡ್‌ನಂಥ ಬರೆಯುವ ಹಲಗೆಗಳು, ವಿಕಿ. ಎಲ್ಲವೂ ಕೈಗೆಟಕುವಂತಿವೆ, ಹೆಚ್ಚಿನವು ಉಚಿತ. ಯಾವುದು ನಮಗೆ ಸರಿ ಎನ್ನುವುದನ್ನು ಎರಡು ವಿಷಯ ನೋಡಿ ತೀರ್ಮಾನಿಸಬೇಕು. ಬರಹ ಕೊನೆಗೆ ಹೋಗಿ ಸೇರುವುದು ಎಲ್ಲಿಗೆ, ಅಚ್ಚಿಗೋ, ಜಾಲಕ್ಕೋ, ಸಂಘದ ಕಡತಕ್ಕೋ? ತಂಡದಲ್ಲಿ ಕಂಪ್ಯೂಟರ್ ಅಭ್ಯಾಸ ಎಲ್ಲರಿಗಿಂತ ಕಡಿಮೆ ಇರುವವರು ಯಾರು, ಅವರ ಕೈಯಲ್ಲಿರುವುದು ಯಾವ ಫೋನು?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹತ್ತಾರು ಜನ ಸೇರಿ, ಜಾಸ್ತಿ ಫೋನಿನಲ್ಲೇ ಕೆಲಸ ಮಾಡುವ ಸಂಘಕ್ಕೆ ಗೂಗಲ್ ಡಾಕ್ಸ್ ಸರಿ. ಒಬ್ಬರೇ ಸಂಪಾದಕರು, ಇಬ್ಬರು ತಿದ್ದುವವರು, ಎಲ್ಲರ ಬಳಿಯೂ ಲ್ಯಾಪ್‌ಟಾಪ್ ಇದೆ ಎಂದಾದರೆ ವರ್ಡ್ ಚೆನ್ನಾಗಿ ನಡೆಯುತ್ತದೆ. ಹಳೆಯ ಪುಸ್ತಕ ಉಳಿಸುವ ಕೆಲಸಕ್ಕೆ ವಿಕಿಪೀಡಿಯದ ಬಳಗದ ಪುಸ್ತಕ ತಾಣ ವಿಕಿಸೋರ್ಸ್‌ಗೆ ಸಮನಾದದ್ದು ಇಲ್ಲ. ವಾಟ್ಸಾಪ್ ಮಾತಿಗೆ ಮಾತ್ರ. ಯಾವ ದಾರಿ ಹಿಡಿದರೂ ಒಂದು ನಿಯಮ ಬಿಡಬಾರದು: ಅಸಲು ಪ್ರತಿ ಒಂದೇ ಇರಬೇಕು, ಇವತ್ತು ಅದು ಎಲ್ಲಿದೆ ಎನ್ನುವುದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಬೇಕು.

ವಾಟ್ಸಾಪ್‌ನಲ್ಲೇ ಮುಗಿಸಬಹುದಲ್ಲ?

ಬಹಳ ಸಂಘಗಳು ಇಲ್ಲಿಂದಲೇ ಶುರು ಮಾಡುತ್ತವೆ. ಎಲ್ಲರಿಗೂ ಬರುತ್ತದೆ, ಕಲಿಸಬೇಕಾಗಿಲ್ಲ. ಗ್ರೂಪಿನಲ್ಲಿ 1024 ಜನರವರೆಗೆ ಇರಬಹುದು, 2 ಜಿಬಿಯವರೆಗಿನ ಕಡತ ಕಳಿಸಬಹುದು. ಲೇಖಕರಿಗೆ ನೆನಪು ಮಾಡಲು, ‘ಫೋಟೊ ಬಂತಾ?’ ಎಂದು ಕೇಳಲು ಇದಕ್ಕಿಂತ ಸುಲಭದ್ದು ಇಲ್ಲ.

ತೊಂದರೆ ಶುರುವಾಗುವುದು ಕಡತ ತಿದ್ದಿ ಮರಳಿ ಕಳಿಸಿದಾಗ. ಪ್ರತಿ ಸಲ ಕಳಿಸಿದಾಗಲೂ ಒಂದು ಹೊಸ ಪ್ರತಿ ಹುಟ್ಟುತ್ತದೆ. ಲೇಖಕರ ಫೋನಿನಲ್ಲಿ ಒಂದು, ಸಂಪಾದಕರ ಫೋನಿನಲ್ಲಿ ಇನ್ನೊಂದು. ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ತಿದ್ದಿದ್ದು’ ಎಂಬ ಹೆಸರಿನ ಕಡತಗಳು ಗ್ರೂಪಿನ ಶುಭಾಶಯಗಳ ನಡುವೆ ಹೂತುಹೋಗುತ್ತವೆ. ನನಗೆ ಗೊತ್ತಿರುವ ಒಂದು ಸಂಘದ ಸಂಚಿಕೆಯಲ್ಲಿ ಹೀಗೇ ಹಳೆಯ ಪ್ರತಿ ಅಚ್ಚಾಯಿತು. ಸಂಚಿಕೆ ತಯಾರಾಗುತ್ತಿದ್ದ ತಿಂಗಳುಗಳಲ್ಲೇ ತೀರಿಕೊಂಡ ಹಿರಿಯ ಸದಸ್ಯರೊಬ್ಬರ ಬಗ್ಗೆ ನಾಲ್ಕು ಸಾಲು ಸೇರಿಸಿದ್ದರು. ಅದು ಹೊಸ ಪ್ರತಿಯಲ್ಲಿತ್ತು, ಪುಸ್ತಕದಲ್ಲಿ ಬರಲಿಲ್ಲ. ಅವರ ಮನೆಯವರು ಪುಟ ತಿರುಗಿಸಿ ಹುಡುಕಿದ್ದನ್ನು ನೋಡಿದವರಿಗೆ ಇದು ಬರೀ ಕಡತದ ಗೊಂದಲ ಅನ್ನಿಸುವುದಿಲ್ಲ.

ಫೋಟೊಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ವಾಟ್ಸಾಪ್ ಫೋಟೊವನ್ನು ಕುಗ್ಗಿಸಿ ಕಳಿಸುತ್ತದೆ. ಫೋನಿನ ಪರದೆಗೆ ಅದು ಸಾಕು, ಅಚ್ಚಿಗೆ ಸಾಲದು. ಒಳ್ಳೆಯ ಅಚ್ಚಿಗೆ ಇಂಚಿಗೆ 300 ಚುಕ್ಕೆ ಬೇಕು. ಅಂದರೆ 6 ಇಂಚು ಅಗಲದ ಚಿತ್ರಕ್ಕೆ 1800 ಪಿಕ್ಸೆಲ್. ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿದರೆ ಚಿತ್ರ ಇದ್ದ ಹಾಗೇ ಹೋಗುತ್ತದೆ. ಇದೊಂದನ್ನು ಎಲ್ಲರಿಗೂ ಮೊದಲ ದಿನವೇ ಹೇಳಿಕೊಡಿ.

ಗೂಗಲ್ ಡಾಕ್ಸ್

ರೈಟ್ಲಿ ಎನ್ನುವ ಸಣ್ಣ ತಾಣವನ್ನು ಗೂಗಲ್ 2006ರಲ್ಲಿ ಕೊಂಡಿತು. ಅದೇ ಮುಂದೆ ಗೂಗಲ್ ಡಾಕ್ಸ್ ಆಯಿತು. ಇಲ್ಲಿ ಕಡತ ಯಾರ ಫೋನಿಗೂ ಹೋಗುವುದಿಲ್ಲ, ಜನರೇ ಕಡತದ ಹತ್ತಿರ ಬರುತ್ತಾರೆ. ಕೊಂಡಿಯನ್ನು ವಾಟ್ಸಾಪ್‌ನಲ್ಲಿ ಹಂಚಿದರೆ ಎಲ್ಲರೂ ಅದೇ ಒಂದು ಪ್ರತಿಯನ್ನು ತೆರೆಯುತ್ತಾರೆ. ಒಂದೇ ಹೊತ್ತಿಗೆ 100 ಕಡೆಯಿಂದ ತಿದ್ದಬಹುದು. ಸಂಘದ ಕೆಲಸಕ್ಕೆ ಅದು ಬೇಕಾದಷ್ಟಾಯಿತು.

ಇಬ್ಬರು ಒಂದೇ ಸಾಲನ್ನು ಒಟ್ಟಿಗೆ ತಿದ್ದಿದರೆ ಏನಾಗುತ್ತದೆ ಎಂದು ಹೊಸಬರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀವು ಒತ್ತುವ ಪ್ರತಿ ಅಕ್ಷರವೂ ‘ಇಂಥ ಜಾಗದಲ್ಲಿ ಇದನ್ನು ಸೇರಿಸು’, ‘ಇಂಥದ್ದನ್ನು ಅಳಿಸು’ ಎಂಬ ಸಣ್ಣ ಆದೇಶವಾಗಿ ಗೂಗಲ್‌ನ ಸರ್ವರಿಗೆ ಹೋಗುತ್ತದೆ. ಇನ್ನೊಬ್ಬರು ನಿಮಗಿಂತ ಮುಂಚೆ ಸಾಲಿನ ಆರಂಭದಲ್ಲಿ ಏನಾದರೂ ಸೇರಿಸಿದ್ದರೆ, ನಿಮ್ಮ ಆದೇಶದ ಜಾಗವನ್ನು ಸರ್ವರ್ ಅಷ್ಟು ಮುಂದಕ್ಕೆ ಸರಿಸುತ್ತದೆ. ಈ ವಿಧಾನ 1989ರಿಂದ ಗಣಕ ವಿಜ್ಞಾನಿಗಳಿಗೆ ಗೊತ್ತು. ಹಾಗಾಗಿ ಯಾರ ತಿದ್ದುಪಡಿಯೂ ಕಳೆದುಹೋಗುವುದಿಲ್ಲ. ಆದರೆ ಯಂತ್ರಕ್ಕೆ ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಇಬ್ಬರೂ ಒಂದೇ ಕ್ಷಣದಲ್ಲಿ ಒಂದೇ ಪದಕ್ಕೆ ಬಿಟ್ಟುಹೋದ ಅಕ್ಷರ ಸೇರಿಸಿದರೆ, ಆ ಅಕ್ಷರ ಎರಡೆರಡು ಸಲ ಬಂದು ಕೂರುತ್ತದೆ. ಆದ್ದರಿಂದ ನೂರು ಜನ ತಿದ್ದಬಹುದು ಎಂದ ಮಾತ್ರಕ್ಕೆ ಎಲ್ಲರಿಗೂ ತಿದ್ದುವ ಅಧಿಕಾರ ಕೊಡಬೇಡಿ.

ಡಾಕ್ಸ್‌ನ ನಿಜವಾದ ಬಲ ಇರುವುದು ‘ಸಜೆಸ್ಟಿಂಗ್’ ಎನ್ನುವ ಬಗೆಯಲ್ಲಿ. ಇದನ್ನು ಹಾಕಿಕೊಂಡು ತಿದ್ದಿದರೆ ಮೂಲ ಬರಹ ಹಾಗೇ ಇರುತ್ತದೆ. ನಿಮ್ಮ ತಿದ್ದುಪಡಿ ಬೇರೆ ಬಣ್ಣದಲ್ಲಿ, ನಿಮ್ಮ ಹೆಸರಿನೊಂದಿಗೆ ಪಕ್ಕದಲ್ಲಿ ಕಾಣುತ್ತದೆ. ಒಪ್ಪುವುದು, ಬಿಡುವುದು ಸಂಪಾದಕರ ಕೈಯಲ್ಲಿ. ಫೋನಿನ ಆ್ಯಪ್‌ನಲ್ಲೂ ಇದು ಇದೆ. ಎಪ್ಪತ್ತು ದಾಟಿದ ಲೇಖಕರ ಬರಹಕ್ಕೆ ಮೂವತ್ತರ ಹುಡುಗಿ ಕೈ ಹಾಕಬೇಕಾದಾಗ ಇದು ಎಷ್ಟು ದೊಡ್ಡ ಅನುಕೂಲ ಎಂದು ಸಂಘದಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಹಿರಿಯರ ವಾಕ್ಯವನ್ನು ಅಳಿಸಿದ ಹಾಗಾಗುವುದಿಲ್ಲ, ಕೇಳಿದ ಹಾಗಾಗುತ್ತದೆ. ಪಕ್ಕದಲ್ಲಿ ಟಿಪ್ಪಣಿ ಬರೆಯುವಾಗಲೂ ‘ಇಸವಿ ತಪ್ಪು’ ಎಂದು ಬರೆಯುವ ಬದಲು ‘ಮೇಷ್ಟ್ರೇ, ಈ ಇಸವಿ ಒಮ್ಮೆ ನೋಡ್ತೀರಾ?’ ಎಂದು ಬರೆದರೆ ಉತ್ತರ ಬೇಗ ಬರುತ್ತದೆ. ಕವಿತೆಗಳಿಗೆ ನನ್ನ ಸಲಹೆ ಬೇರೆ. ಅಲ್ಲಿ ಸಜೆಸ್ಟಿಂಗ್ ಕೂಡ ಬೇಡ, ಟಿಪ್ಪಣಿ ಮಾತ್ರ ಸಾಕು. ಸಾಲು ಎಲ್ಲಿ ಮುರಿಯಬೇಕು ಎನ್ನುವುದು ಕವಿಯ ಹಕ್ಕು.

ಎರಡನೆಯ ಬಲ ‘ವರ್ಷನ್ ಹಿಸ್ಟರಿ’. ಯಾರು ಯಾವಾಗ ಏನು ಬದಲಿಸಿದರು ಎನ್ನುವುದು ಅಲ್ಲಿ ಸಿಗುತ್ತದೆ, ಹಿಂದಿನ ರೂಪಕ್ಕೆ ಮರಳಬಹುದು. ಮುಖ್ಯ ಹಂತಗಳಿಗೆ ಹೆಸರಿಟ್ಟುಕೊಳ್ಳಿ: ‘ಲೇಖಕರು ಕೊಟ್ಟದ್ದು’, ‘ಮೊದಲ ತಿದ್ದುಪಡಿ’, ‘ಅಚ್ಚಿಗೆ’. ಇದು ಡಾಕ್ಸ್‌ನಲ್ಲೇ ಮಾಡಿದ ಕಡತಗಳ ಮಾತು. ಗೂಗಲ್‌ನಲ್ಲಿ ಕಡತ ಇಡುವ ಜಾಗವಾದ ಡ್ರೈವ್‌ನಲ್ಲಿ ಸುಮ್ನೆ ತಂದಿಟ್ಟ ಪಿಡಿಎಫ್, ಚಿತ್ರಗಳ ಹಳೆಯ ಪ್ರತಿಗಳು 30 ದಿನವಾದ ಮೇಲೆ ಅಥವಾ 100 ಪ್ರತಿ ದಾಟಿದ ಮೇಲೆ ಅಳಿದುಹೋಗಬಹುದು.

ಕೆಲವರು ಇಡೀ ಸಂಚಿಕೆಯನ್ನು ಒಂದೇ ಡಾಕ್‌ನಲ್ಲಿ ತುಂಬುತ್ತಾರೆ. ಹಾಗೆ ಮಾಡಬೇಡಿ. ಕಡತ ದೊಡ್ಡದಾದಂತೆ ಕಡಿಮೆ ಬೆಲೆಯ ಫೋನು ತಡವರಿಸುತ್ತದೆ. ಒಬ್ಬ ಲೇಖಕರಿಗೆ ಕೊಟ್ಟ ಕೊಂಡಿಯಲ್ಲಿ ಎಲ್ಲರ ಲೇಖನಗಳೂ ತೆರೆದುಕೊಳ್ಳುತ್ತವೆ. ಲೇಖನಕ್ಕೊಂದು ಡಾಕ್ ಇರಲಿ. ಅವೆಲ್ಲಕ್ಕೂ ಸೇರಿ ಒಂದು ಗೂಗಲ್ ಶೀಟ್ ಇರಲಿ: ಲೇಖನದ ಹೆಸರು, ಲೇಖಕರು, ಡಾಕ್‌ನ ಕೊಂಡಿ, ಈಗ ಯಾರ ಕೈಯಲ್ಲಿದೆ, ಮುಂದೆ ಏನಾಗಬೇಕು. ‘ಈಗ ಯಾರ ಕೈಯಲ್ಲಿದೆ’ ಎನ್ನುವ ಆ ಒಂದು ಕಾಲಮ್ ಗ್ರೂಪಿನ ಅರ್ಧ ಪ್ರಶ್ನೆಗಳನ್ನು ನಿಲ್ಲಿಸುತ್ತದೆ.

ಜಾಹೀರಾತಿನ ಲೆಕ್ಕಕ್ಕೂ ಶೀಟ್ ಒಳ್ಳೆಯದು. ಯಾರ ಜಾಹೀರಾತು, ಪೂರ್ತಿ ಪುಟವೋ ಅರ್ಧವೋ, ಹಣ ಬಂತೋ, ಮ್ಯಾಟರ್ ಬಂತೋ. ಹಣದ ಕಾಲಮ್‌ಗೆ ‘ಪ್ರೊಟೆಕ್ಟ್’ ಹಾಕಿ, ಖಜಾಂಚಿಗೆ ಮಾತ್ರ ಬಿಡಿ. ಮಾಮೂಲಿ ಫಿಲ್ಟರ್ ಹಾಕಿದರೆ ಆ ಶೀಟ್ ತೆರೆದಿರುವ ಎಲ್ಲರಿಗೂ ಸಾಲುಗಳು ಮಾಯವಾಗುತ್ತವೆ. ‘ನನ್ನ ಜಾಹೀರಾತು ಯಾರೋ ಅಳಿಸಿದರು’ ಎಂದು ಫೋನು ಬರುವುದು ಆಗಲೇ. ‘ಫಿಲ್ಟರ್ ವ್ಯೂ’ ಬಳಸಿದರೆ ನಿಮಗೆ ಬೇಕಾದ ಸಾಲು ನಿಮಗಷ್ಟೇ ಕಾಣುತ್ತದೆ, ಉಳಿದವರ ಪರದೆ ಬದಲಾಗುವುದಿಲ್ಲ.

ರೈಲಿನಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಮಾತು. ಹೊರಡುವ ಮುಂಚೆ, ಮನೆಯ ವೈಫೈ ಇರುವಾಗಲೇ, ಆ್ಯಪ್‌ನಲ್ಲಿ ಆ ಕಡತಕ್ಕೆ ‘ಆಫ್‌ಲೈನ್’ ಆಯ್ಕೆ ಹಾಕಿಕೊಳ್ಳಿ. ದಾರಿಯಲ್ಲಿ ಸಿಗ್ನಲ್ ಹೋದರೂ ತಿದ್ದಬಹುದು, ಬಂದಾಗ ತಾನೇ ಸೇರಿಕೊಳ್ಳುತ್ತದೆ. ಟೈಪ್ ಮಾಡಲು ಕಷ್ಟಪಡುವ ಹಿರಿಯರಿಗೆ ಗೂಗಲ್‌ನ ಕೀಲಿಮಣೆ ಆ್ಯಪ್ ಜಿಬೋರ್ಡ್‌ನಲ್ಲಿ ಬೆರಳಿನಿಂದಲೇ ಕನ್ನಡ ಬರೆಯುವ ಸೌಲಭ್ಯ ಇದೆ, ಮಾತಾಡಿದ್ದನ್ನು ಅಕ್ಷರ ಮಾಡುವ ಸೌಲಭ್ಯವೂ ಇದೆ. ಹಳೆಯ ಸಂಚಿಕೆಯಿಂದ ಒಂದು ಪುಟ ಬೇಕೇ? ಸ್ಪಷ್ಟವಾಗಿ ಫೋಟೊ ತೆಗೆದು, 2 ಎಂಬಿಯೊಳಗೆ ಇಟ್ಟುಕೊಂಡು, ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ‘ಓಪನ್ ವಿತ್ ಗೂಗಲ್ ಡಾಕ್ಸ್’ ಕೊಡಿ. ಕನ್ನಡ ಅಕ್ಷರಗಳನ್ನು ಅದು ಗುರುತಿಸಿ ಕೊಡುತ್ತದೆ. ಒತ್ತಕ್ಷರಗಳನ್ನು ಮಾತ್ರ ಕಣ್ಣಿಟ್ಟು ನೋಡಬೇಕು.

ಕೊರತೆಗಳೂ ಇವೆ. ತಿದ್ದಿದವರ ಹೆಸರು ಕಾಣಬೇಕಾದರೆ ಜಿಮೇಲ್ ಖಾತೆಯಲ್ಲಿ ಲಾಗಿನ್ ಆಗಿರಬೇಕು. ಇಲ್ಲದಿದ್ದರೆ ಅನಾಮಿಕರಾಗಿ ಕಾಣುತ್ತಾರೆ. ಅದಕ್ಕಿಂತ ದೊಡ್ಡ ಅಪಾಯ ‘ಕೊಂಡಿ ಇದ್ದವರೆಲ್ಲ ತಿದ್ದಬಹುದು’ ಎನ್ನುವ ಆಯ್ಕೆ. ಆ ಕೊಂಡಿ ದೊಡ್ಡ ಗ್ರೂಪಿಗೆ ಬಿತ್ತೆಂದರೆ ಯಾರ ಬೆರಳು ಎಲ್ಲಿ ತಾಗುತ್ತದೋ ಹೇಳಲಾಗದು. ಗ್ರೂಪಿಗೆ ಕೊಡುವ ಕೊಂಡಿ ‘ನೋಡಲು ಮಾತ್ರ’ ಅಥವಾ ‘ಟಿಪ್ಪಣಿ ಮಾತ್ರ’ ಇರಲಿ. ತಿದ್ದುವ ಅಧಿಕಾರ ಹೆಸರು ಹಿಡಿದು ಕೊಡಿ. ಸದಸ್ಯರ ಫೋನ್ ನಂಬರು, ವಿಳಾಸ ಇರುವ ಪಟ್ಟಿಗಂತೂ ತೆರೆದ ಕೊಂಡಿ ಬೇಡವೇ ಬೇಡ.

ವರ್ಡ್ ಬಿಡಲಾರೆವು ಎನ್ನುವವರಿಗೆ

ಬಿಡಬೇಕಾಗಿಯೂ ಇಲ್ಲ. ಎಷ್ಟೋ ವರ್ಷಗಳಿಂದ ವರ್ಡ್‌ನಲ್ಲೇ ಬರೆದು ಕೈ ಪಳಗಿದವರು ಇದ್ದಾರೆ. ತಿದ್ದಿದ್ದನ್ನೆಲ್ಲ ಗುರುತು ಹಾಕಿ ತೋರಿಸುವ ವರ್ಡ್‌ನ ‘ಟ್ರ್ಯಾಕ್ ಚೇಂಜಸ್’ ಕರಡು ತಿದ್ದುವವರಿಗೆ ಬಹಳ ಹಿಡಿಸುತ್ತದೆ. ಪುಟದ ಅಳತೆ, ಅಡಿಟಿಪ್ಪಣಿ, ಪರಿವಿಡಿ ಇವುಗಳ ಮೇಲೆ ವರ್ಡ್‌ಗೆ ಇರುವ ಹಿಡಿತ ಡಾಕ್ಸ್‌ಗೆ ಇಲ್ಲ. ಮುಂಬೈ ವಿಶ್ವವಿದ್ಯಾಲಯದ ಕಲೀನಾ ಆವರಣದ ಕನ್ನಡ ವಿಭಾಗದಲ್ಲಿ ಸಂಶೋಧನಾ ಪ್ರಬಂಧ ಬರೆಯುವವರಿಗೆ ನಾನು ವರ್ಡನ್ನೇ ಹೇಳುತ್ತೇನೆ. ಬರೆಯುವವರು ಒಬ್ಬರು, ನೋಡುವವರು ಒಬ್ಬರು, ಅಡಿಟಿಪ್ಪಣಿಗಳು ನೂರಾರು.

ಹಲವರು ಒಟ್ಟಿಗೆ ತಿದ್ದಬೇಕಾದರೆ ಕಡತ ಮೈಕ್ರೋಸಾಫ್ಟ್‌ನ ಜಾಲದ ಜಾಗವಾದ ಒನ್‌ಡ್ರೈವ್‌ನಲ್ಲಿ ಇರಬೇಕು. ವರ್ಡ್‌ನ ಹಳೆಯ ‘ಡಾಕ್’ (.doc) ಬಗೆಯ ಕಡತ ನಡೆಯುವುದಿಲ್ಲ, ಹೊಸ ‘ಡಾಕ್ಸೆಕ್ಸ್’ (.docx) ಬಗೆಗೆ ಬದಲಿಸಿ ಉಳಿಸಬೇಕು. ಉಚಿತ ಖಾತೆಗೆ ಒನ್‌ಡ್ರೈವ್ ಕೊಡುವ ಜಾಗ 5 ಜಿಬಿ. ಗೂಗಲ್ ಕೊಡುವುದು 15 ಜಿಬಿ, ಆದರೆ ಅದರಲ್ಲಿ ಜಿಮೇಲ್, ಫೋಟೊ ಎಲ್ಲವೂ ಸೇರಿ. ಬರಹಕ್ಕೆ ಎರಡೂ ಸಾಕು. ಫೋಟೊ ತುಂಬತೊಡಗಿದಾಗಲೇ ವ್ಯತ್ಯಾಸ ಕಾಣುವುದು.

ವರ್ಡ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ‘ಕಂಪೇರ್’. ಎರಡು ಪ್ರತಿಗಳು ಬೇರೆ ಬೇರೆ ದಾರಿ ಹಿಡಿದಿದ್ದರೆ, ಎರಡನ್ನೂ ಕೊಟ್ಟು ವ್ಯತ್ಯಾಸ ತೋರಿಸು ಎನ್ನಬಹುದು. ಒಂದೊಂದು ಬದಲಾವಣೆಯನ್ನೂ ಗುರುತು ಹಾಕಿ ತೋರಿಸುತ್ತದೆ. ವಾಟ್ಸಾಪ್‌ನಲ್ಲಿ ಈಗಾಗಲೇ ಮೂರು ಪ್ರತಿ ಓಡಾಡಿಬಿಟ್ಟಿದ್ದರೆ ಅದನ್ನು ಸರಿಮಾಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೀಗೆ ಒಂದು ಮಾಡಿದ ಪ್ರತಿಯನ್ನು ಆಮೇಲೆ ಡಾಕ್ಸ್‌ಗೆ ಹಾಕಿದರೂ ಆಯಿತು.

ಫೋನಿನಲ್ಲಿ ಮಾತ್ರ ಕೆಲಸ ಮಾಡುವ ಸದಸ್ಯರು ತಂಡದಲ್ಲಿದ್ದರೆ ವರ್ಡ್ ಬೇಡ. ಫೋನಿನ ವರ್ಡ್ ಇದೆ, ಆದರೆ ಖಾತೆ ತೆರೆಸಿ ಕಲಿಸುವಷ್ಟರಲ್ಲಿ ಸಂಚಿಕೆಯ ಗಡುವು ಬಂದಿರುತ್ತದೆ. ಜಿಮೇಲ್ ಆದರೆ ಆಂಡ್ರಾಯ್ಡ್ ಫೋನು ಕೊಂಡ ದಿನವೇ ಮಾಡಿಸಿಕೊಂಡಿರುತ್ತಾರೆ, ಅಲ್ವಾ?

ನುಡಿ, ಬರಹ, ಶ್ರೀಲಿಪಿ: ಕನ್ನಡಕ್ಕೇ ಇರುವ ತೊಡಕು

ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಲೆನೋವು ಇಲ್ಲ. ನಮಗೆ ಇದೆ, ಅದರಲ್ಲೂ ಅಚ್ಚಿನ ಕೆಲಸ ಮಾಡುವವರಿಗೆ. ಡಾಕ್ಸೋ ವರ್ಡೋ ಎನ್ನುವುದಕ್ಕಿಂತ ಮುಂಚೆ ತೀರ್ಮಾನವಾಗಬೇಕಾದದ್ದು ಇದು.

ಹಳೆಯ ನುಡಿ, ಬರಹ, ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಈ ಕನ್ನಡ ಟೈಪಿಂಗ್ ತಂತ್ರಾಂಶಗಳಲ್ಲಿ ಹಳೆಯ ಫಾಂಟ್ ಬಳಸಿ ಟೈಪ್ ಮಾಡಿದ ಬರಹ ಕಂಪ್ಯೂಟರಿನ ಒಳಗೆ ಕನ್ನಡವಾಗಿ ಇರುವುದಿಲ್ಲ. ಅದರ ಲೆಕ್ಕದಲ್ಲಿ ಅವು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು. ಫಾಂಟ್ ಮಾತ್ರ ಅವುಗಳನ್ನು ಕನ್ನಡದ ಆಕಾರದಲ್ಲಿ ಬಿಡಿಸಿ ತೋರಿಸುತ್ತದೆ. ಆ ಫಾಂಟ್ ಇಲ್ಲದ ಫೋನಿನಲ್ಲಿ, ಗೂಗಲ್ ಡಾಕ್ಸ್‌ನಲ್ಲಿ ಅದೇ ಬರಹ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಸ್ವಂತ ಸಂಖ್ಯೆ ಇದೆ. ಯಾವ ಫೋನಿನಲ್ಲಿ ತೆರೆದರೂ ‘ಕ’ ಎಂದರೆ ‘ಕ’. ನುಡಿ, ಬರಹ, ಶ್ರೀಲಿಪಿಗಳ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ. ಆ ಆಯ್ಕೆಯನ್ನು ಹಾಕಿಕೊಂಡು ಟೈಪ್ ಮಾಡಿಸಬೇಕು.

ಆದ್ದರಿಂದ ನಿಯಮ ಹೀಗಿರಲಿ: ಬರಹ ಒಳಗೆ ಬರುವ ಬಾಗಿಲಲ್ಲೇ ಯೂನಿಕೋಡ್ ಆಗಬೇಕು. ಲೇಖಕರು ಹಳೆಯ ಫಾಂಟ್‌ನಲ್ಲಿ ಕೊಟ್ಟರೆ ಒಬ್ಬರು ಅದನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಲಿ. ಇದಕ್ಕೆ ಉಚಿತ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ದೀರ್ಘಗಳನ್ನು ಒಮ್ಮೆ ಓದಿ ನೋಡಲೇಬೇಕು. ಮುಂಬೈ ಸಂಚಿಕೆಗಳಲ್ಲಿ ಮರಾಠಿ ಜಾಹೀರಾತುಗಳೂ ಇರುತ್ತವೆ. ದೇವನಾಗರಿಯ ಹಳೆಯ ಫಾಂಟ್‌ಗಳಿಗೂ ಇದೇ ಕಥೆ. ಅದಕ್ಕೆ ಬೇರೆ ಪರಿವರ್ತಕ ಬೇಕು.

ಹತ್ತು ಜನ ಟೈಪ್ ಮಾಡಿದಾಗ ಕಣ್ಣಿಗೆ ಕಾಣದ ವ್ಯತ್ಯಾಸಗಳೂ ನುಸುಳುತ್ತವೆ. ಅನುಸ್ವಾರದ ಜಾಗದಲ್ಲಿ ಕೆಲವರು ಕನ್ನಡದ ಸೊನ್ನೆ ಒತ್ತಿರುತ್ತಾರೆ. ನೋಡಲು ಒಂದೇ, ಹುಡುಕಿದರೆ ಸಿಗುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟ ಮತ್ತು ವ ಅಂಟಿಕೊಳ್ಳದಿರಲು ನಡುವೆ ಒಂದು ಕಾಣದ ಗುರುತು ಬೇಕು. ಒಬ್ಬರು ಹಾಕಿರುತ್ತಾರೆ, ಇನ್ನೊಬ್ಬರು ಇಲ್ಲ. ಆಗ ‘ಫೈಂಡ್ ಆ್ಯಂಡ್ ರಿಪ್ಲೇಸ್’ ಅರ್ಧ ಕಡೆ ಮಾತ್ರ ಕೆಲಸ ಮಾಡುತ್ತದೆ. ಮುಂಬಯಿಯೋ ಮುಂಬೈಯೋ, ಮಾಟುಂಗವೋ ಮಾತುಂಗವೋ, ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ಇದೆಲ್ಲ ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಮೊದಲೇ ಕೊಟ್ಟರೆ ಕೊನೆಯ ವಾರ ನಿದ್ದೆ ಉಳಿಯುತ್ತದೆ.

ಇನ್ನು ಡಿಟಿಪಿ. ಕೆಲಸ ಒಪ್ಪಿಸುವ ಮುಂಚೆ ಅವರನ್ನು ಕೇಳಬೇಕಾದ ಮೊದಲ ಪ್ರಶ್ನೆ, ‘ನೀವು ಪೇಜ್‌ಮೇಕರ್‌ನಲ್ಲಿ ಮಾಡ್ತೀರಾ, ಇನ್‌ಡಿಸೈನ್‌ನಲ್ಲಾ?’ ಎರಡೂ ಪುಟ ಕಟ್ಟುವ ತಂತ್ರಾಂಶಗಳೇ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅವರು ನಿಮ್ಮ ಬರಹವನ್ನು ಮತ್ತೆ ಹಳೆಯ ಫಾಂಟ್‌ಗೆ ಬದಲಿಸಬೇಕಾಗುತ್ತದೆ, ಅಲ್ಲಿ ಹೊಸ ತಪ್ಪುಗಳು ಸೇರಬಹುದು. ಇನ್‌ಡಿಸೈನ್‌ನಲ್ಲಿ ‘ವರ್ಲ್ಡ್ ರೆಡಿ ಕಂಪೋಸರ್’ ಆಯ್ಕೆ ಹಾಕಿದರೆ ಯೂನಿಕೋಡ್ ಕನ್ನಡ ಒತ್ತಕ್ಷರ ಸಮೇತ ಸರಿಯಾಗಿ ಕೂರುತ್ತದೆ. ಎರಡೂ ನಡೆಯುತ್ತದೆ. ಪೇಜ್‌ಮೇಕರ್ ಆದರೆ ಪುಟ ಕಟ್ಟಿದ ಮೇಲೆ ಇಡೀ ಸಂಚಿಕೆಯನ್ನು ಮತ್ತೊಮ್ಮೆ ಓದಲು ದಿನ ಇಟ್ಟುಕೊಳ್ಳಿ.

ಇಲ್ಲೊಂದು ತಿರುವು ಇದೆ, ಹೆಚ್ಚಿನ ತಂಡಗಳು ಎಡವುವುದು ಇದರಲ್ಲೇ. ಬರಹ ಡಿಟಿಪಿಗೆ ಹೋದ ಗಳಿಗೆಯಿಂದ ಅಸಲು ಪ್ರತಿ ಡಾಕ್ಸ್‌ನಲ್ಲಿ ಇರುವುದಿಲ್ಲ, ಅವರ ಕಂಪ್ಯೂಟರಿನಲ್ಲಿ ಇರುತ್ತದೆ. ಆಮೇಲೆ ಯಾರಾದರೂ ಡಾಕ್‌ನಲ್ಲಿ ತಿದ್ದಿದರೆ ಅದು ಅಚ್ಚಿಗೆ ತಲುಪುವುದೇ ಇಲ್ಲ. ಆದ್ದರಿಂದ ಒಪ್ಪಿಸಿದ ದಿನವೇ ಎಲ್ಲ ಡಾಕ್‌ಗಳನ್ನೂ ‘ನೋಡಲು ಮಾತ್ರ’ ಮಾಡಿಬಿಡಿ. ಗ್ರೂಪಿನಲ್ಲಿ ಒಂದು ಸಾಲು ಹಾಕಿ: ‘ಇನ್ನು ತಿದ್ದುಪಡಿ ಪಿಡಿಎಫ್ ನೋಡಿ ಮಾತ್ರ.’ ಆ ತಿದ್ದುಪಡಿಗಳಿಗೆ ಒಂದು ಶೀಟ್ ಇರಲಿ: ಪುಟ, ಸಾಲು, ಈಗ ಇರುವುದು, ಇರಬೇಕಾದದ್ದು, ಆಯಿತೇ. ಡಿಟಿಪಿಯವರಿಗೆ ಫೋನು ಮಾಡುವುದು ಒಬ್ಬರೇ ಇರಲಿ. ಆರು ಜನ ಆರು ಹೊತ್ತಿನಲ್ಲಿ ಫೋನು ಮಾಡಿದರೆ ಆ ಪಾಪದ ಮನುಷ್ಯ ಯಾವುದನ್ನು ಅಂತ ಹಾಕುತ್ತಾನೆ?

ಈಥರ್‌ಪ್ಯಾಡ್, ಕ್ರಿಪ್ಟ್‌ಪ್ಯಾಡ್, ಗಿಟ್

ಈಥರ್‌ಪ್ಯಾಡ್ 2008ರಲ್ಲಿ ಬಂದದ್ದು. ಖಾತೆ ಬೇಡ, ಕೊಂಡಿ ತೆರೆದು ಬರೆಯುವುದಷ್ಟೇ. ಒಬ್ಬೊಬ್ಬರ ಬರಹಕ್ಕೆ ಒಂದೊಂದು ಬಣ್ಣ. ಕಾರ್ಯಕಾರಿ ಸಮಿತಿಯ ಸಭೆ ನಡೆಯುತ್ತಿರುವಾಗಲೇ ಇಬ್ಬರು ಮೂವರು ಸೇರಿ ಟಿಪ್ಪಣಿ ಬರೆದುಕೊಳ್ಳಲು ಚೆಂದ. ಸಭೆ ಮುಗಿದ ಕೂಡಲೇ ಬೇರೆಡೆ ಉಳಿಸಿಕೊಳ್ಳಿ, ಅಲ್ಲೇ ಬಿಟ್ಟು ಬರಬೇಡಿ. ಕ್ರಿಪ್ಟ್‌ಪ್ಯಾಡ್‌ನಲ್ಲಿ ಬರಹ ನಿಮ್ಮ ಕಂಪ್ಯೂಟರಿನಲ್ಲೇ ಬೀಗ ಹಾಕಿಕೊಂಡು ಹೋಗುತ್ತದೆ, ಸರ್ವರ್ ನಡೆಸುವವರಿಗೂ ಓದಲು ಬರುವುದಿಲ್ಲ. ವಿದ್ಯಾರ್ಥಿವೇತನದ ಅರ್ಜಿಗಳಂಥ ಸೂಕ್ಷ್ಮ ವಿಷಯಕ್ಕೆ ಒಳ್ಳೆಯದು. ಪಾಸ್‌ವರ್ಡ್ ಮರೆತರೆ ಯಾರೂ ತೆಗೆದುಕೊಡಲಾರರು ಎನ್ನುವುದು ನೆನಪಿರಲಿ.

ಪುಣೆಯ ಹಿಂಜವಡಿಯಲ್ಲಿ ಕೆಲಸ ಮಾಡುವ ನಮ್ಮ ಹುಡುಗರು ಗಿಟ್ ಬಳಸೋಣ ಎನ್ನುತ್ತಾರೆ. ಲೈನಸ್ ಟೊರ್ವಾಲ್ಡ್ಸ್ 2005ರಲ್ಲಿ ಮಾಡಿದ, ಕಡತಗಳ ಬದಲಾವಣೆಯ ದಾಖಲೆ ಇಡುವ ಈ ಸಾಧನ ಸಾಫ್ಟ್‌ವೇರ್ ಬರೆಯುವವರಿಗೆ ವರ. ಆದರೆ ಅದು ಬದಲಾವಣೆಯನ್ನು ಸಾಲು ಸಾಲಾಗಿ ಲೆಕ್ಕ ಹಾಕುತ್ತದೆ. ನಮ್ಮ ಲೇಖನದ ಒಂದು ಪ್ಯಾರಾ ಅದಕ್ಕೆ ಒಂದೇ ಸಾಲು. ಒಂದು ದೀರ್ಘ ತಿದ್ದಿದರೂ ಪ್ಯಾರಾ ಪೂರ್ತಿ ಬದಲಾಯಿತು ಎನ್ನುತ್ತದೆ. ಸಂಘದ ಜಾಲತಾಣ ಕಟ್ಟಲು ಗಿಟ್ ಇರಲಿ, ಸಂಚಿಕೆಗೆ ಬೇಡ.

ಹಳೆಯದನ್ನು ಉಳಿಸಲು ವಿಕಿಸೋರ್ಸ್

ಈ ನಗರದಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ 1902ರಿಂದ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಿಂದ. ಇಷ್ಟು ಹಳೆಯ ಸಂಸ್ಥೆಗಳ ಊರಿನಲ್ಲಿ ಹಳೆಯ ಕನ್ನಡ ಪುಸ್ತಕಗಳಿಗೆ ಬರವಿಲ್ಲ, ಮಳೆಗಾಲದ ತೇವಕ್ಕೂ ಬರವಿಲ್ಲ. ಅವುಗಳನ್ನು ಉಳಿಸುವ ಕೆಲಸವೂ ಕೂಡಿ ಮಾಡುವ ಕೆಲಸವೇ. ಇದನ್ನು ನಾನು ಎಲ್ಲಕ್ಕಿಂತ ಜಾಸ್ತಿ ಪ್ರೀತಿಯಿಂದ ಹೇಳುತ್ತೇನೆ.

ವಿಕಿಸೋರ್ಸ್‌ನಲ್ಲಿ ಪರದೆಯ ಒಂದು ಬದಿಗೆ ಪುಸ್ತಕದ ಪುಟದ ಚಿತ್ರ, ಇನ್ನೊಂದು ಬದಿಗೆ ಟೈಪ್ ಮಾಡಿದ ಪಠ್ಯ. ಒಬ್ಬರು ಓದಿ ತಿದ್ದಿದರೆ ಪುಟ ಹಳದಿ ಆಗುತ್ತದೆ. ಇನ್ನೊಬ್ಬರು ಮತ್ತೊಮ್ಮೆ ಓದಿ ಒಪ್ಪಿದರೆ ಹಸಿರು. ಹಳದಿ ಮಾಡಿದವರೇ ಹಸಿರು ಮಾಡಲು ಬರುವುದಿಲ್ಲ. ಎರಡು ಕಣ್ಣು ನೋಡಲೇಬೇಕು ಎನ್ನುವ ನಿಯಮ ಸಾಧನದ ಒಳಗೇ ಇದೆ. ಇದನ್ನು ಡಾಕ್ಸ್‌ನಲ್ಲಾಗಲಿ ವರ್ಡ್‌ನಲ್ಲಾಗಲಿ ನಾವೇ ಶಿಸ್ತು ಹಾಕಿಕೊಂಡು ಮಾಡಬೇಕು. ದಿನಕ್ಕೆ ಒಂದು ಪುಟ ತಿದ್ದಿದರೂ ಸಾಕು, ಯಾರನ್ನೂ ಕಾಯಬೇಕಿಲ್ಲ. ನಿವೃತ್ತರಾದ ಶಾಲಾ ಶಿಕ್ಷಕರಿಗೆ, ಗೋವಾದ ವಾಸ್ಕೋದಲ್ಲಿರುವ ನಮ್ಮವರಿಗೆ, ಎಲ್ಲೇ ಇರಲಿ, ಒಂದೇ ಪುಸ್ತಕದ ಬೇರೆ ಬೇರೆ ಪುಟ ಕೊಡಬಹುದು.

ಹಕ್ಕುಸ್ವಾಮ್ಯ ನೋಡಿಕೊಂಡೇ ಶುರು ಮಾಡಿ. ನಮ್ಮ ದೇಶದಲ್ಲಿ ಲೇಖಕರ ಜೀವಿತಕಾಲ ಮತ್ತು ಆಮೇಲೆ 60 ವರ್ಷ ಹಕ್ಕು ಇರುತ್ತದೆ. ತೀರಿಕೊಂಡ ಮರುವರ್ಷದ ಆರಂಭದಿಂದ ಲೆಕ್ಕ. ಸ್ಮರಣ ಸಂಚಿಕೆಯಲ್ಲಿ ಹತ್ತಾರು ಲೇಖಕರಿರುತ್ತಾರೆ, ಒಬ್ಬೊಬ್ಬರಿಗೂ ಬೇರೆ ಲೆಕ್ಕ. ಹಾಗಾಗಿ ಒಬ್ಬರೇ ಲೇಖಕರ ಹಳೆಯ ಪುಸ್ತಕದಿಂದ ಶುರು ಮಾಡುವುದು ಸುಲಭ. ಈಗ ಬರೆಯುತ್ತಿರುವ ಸಂಚಿಕೆಗೆ ವಿಕಿ ಸರಿಯಾದ ಜಾಗವಲ್ಲ. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಮರುಬಳಕೆ ಮಾಡಬಹುದು, ಅದಕ್ಕೆ ಪ್ರತಿ ಲೇಖಕರ ಲಿಖಿತ ಒಪ್ಪಿಗೆ ಬೇಕು.

ಖಾತೆ ಯಾರ ಹೆಸರಿನಲ್ಲಿ?

ಡಾಕ್ಸ್ ಆಗಲಿ ಒನ್‌ಡ್ರೈವ್ ಆಗಲಿ, ಕಡತಗಳ ಒಡೆತನ ಒಂದು ಖಾತೆಗೆ ಇರುತ್ತದೆ. ಸಾಮಾನ್ಯವಾಗಿ ಆ ವರ್ಷದ ಕಾರ್ಯದರ್ಶಿಯ ಸ್ವಂತ ಜಿಮೇಲ್. ಅವರು ಮಗನ ಬಳಿ ಬೆಂಗಳೂರಿಗೆ ಹೋದರು ಎಂದುಕೊಳ್ಳಿ. ಜಾಗ ತುಂಬಿತು ಎಂದು ಹಳೆಯ ಕಡತ ಅಳಿಸಿದರೆ ಅದು ಟ್ರ್ಯಾಶ್‌ನಲ್ಲಿ ಇರುವುದು 30 ದಿನ ಮಾತ್ರ. ಖಾತೆಯನ್ನು 2 ವರ್ಷ ಯಾರೂ ಮುಟ್ಟದಿದ್ದರೆ ಅದನ್ನೂ ಒಳಗಿರುವುದನ್ನೂ ಗೂಗಲ್ ಅಳಿಸಬಹುದು. 2023ರಲ್ಲಿ ಬಂದ ನಿಯಮ ಇದು. ರಜತ ಮಹೋತ್ಸವಕ್ಕೆ ಬರೆದದ್ದು ಸುವರ್ಣ ಮಹೋತ್ಸವಕ್ಕೆ ಬೇಕಾಗುತ್ತದೆ, ನಡುವೆ ಇಪ್ಪತ್ತೈದು ವರ್ಷ.

ಆದ್ದರಿಂದ ಸಂಘದ ಹೆಸರಿನಲ್ಲೇ ಒಂದು ಖಾತೆ ತೆರೆಯಿರಿ. ನೋಂದಾಯಿತ ಸೇವಾ ಸಂಸ್ಥೆಗಳಿಗೆ ಗೂಗಲ್ ವರ್ಕ್‌ಸ್ಪೇಸ್ (ಸಂಸ್ಥೆಯ ಹೆಸರಿನಲ್ಲೇ ಜಿಮೇಲ್, ಡ್ರೈವ್, ಡಾಕ್ಸ್) ಉಚಿತವಾಗಿ ಸಿಗುತ್ತದೆ, ನೋಂದಣಿ ಪತ್ರ ಇದ್ದರೆ ಅರ್ಜಿ ಹಾಕಿ ನೋಡಿ. ಪಾಸ್‌ವರ್ಡ್ ಇಬ್ಬರಿಗೆ ಗೊತ್ತಿರಲಿ, ಮರುಪಡೆಯುವ ಫೋನ್ ನಂಬರು ಈಗಿನ ಪದಾಧಿಕಾರಿಯದ್ದೇ ಇರಲಿ. ವಾರ್ಷಿಕ ಮಹಾಸಭೆಯಲ್ಲಿ ಹೊಸ ಸಮಿತಿಗೆ ಲೆಕ್ಕಪುಸ್ತಕ, ಮುದ್ರೆ ಒಪ್ಪಿಸುವಾಗಲೇ ಈ ಖಾತೆಯನ್ನೂ ಒಪ್ಪಿಸಿ, ಒಪ್ಪಿಸಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಸಂಚಿಕೆಯ ಕೊನೆಯ ಪಿಡಿಎಫ್, ಎಲ್ಲ ಲೇಖನಗಳ ಯೂನಿಕೋಡ್ ಪ್ರತಿ, ಕುಗ್ಗಿಸದ ಫೋಟೊಗಳು ಮೂರನ್ನೂ ಒಂದು ಪೆನ್‌ಡ್ರೈವ್‌ಗೂ ಹಾಕಿ ಸಂಘದ ಕಚೇರಿಯಲ್ಲಿ ಇಡಿ. ಡಿಟಿಪಿಯವರ ಬಳಿ ಕೇಳಿದರೆ ಪುಟ ಕಟ್ಟಿದ ಮೂಲ ಕಡತವನ್ನೂ ಕೊಡುತ್ತಾರೆ. ಬಿಲ್ ಕೊಡುವ ಮುಂಚೆಯೇ ಕೇಳಿ ತೆಗೆದುಕೊಳ್ಳಿ.